ಎಲ್ಲೋ, ಲಾನೋ: ಹಡಗಿನ ಅಡುಗೆಮನೆಯ ಸ್ಪ್ಯಾನಿಷ್

ಅಕ್ಕನ ಮಗನಿಗೆ ಕ್ರೂಸ್ ಹಡಗಿನಲ್ಲಿ ಕೆಲಸ ಸಿಕ್ಕಿದೆ. ಅಡುಗೆಮನೆಯಲ್ಲಿ ಸಹಾಯಕ. ಹಡಗು ಓಡುವುದು ಕೆರಿಬಿಯನ್ ಕಡೆ. ಜೊತೆಗೆ ದುಡಿಯುವವರಲ್ಲಿ ಪೆರು, ಕೊಲಂಬಿಯಾ, ಹೊಂಡುರಾಸ್‌ನವರು ಜಾಸ್ತಿ ಅಂತೆ. ಹಾಗಾಗಿ ಹುಡುಗ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ್ದಾನೆ. ಮೊನ್ನೆ ಕುಂಬಳೆಯ ನಮ್ಮ ಮನೆಗೆ ಬಂದವನು ಜಗಲಿಯಲ್ಲಿ ಕೂತು ಬಾಯಿಪಾಠ ಹೊಡೆಯುತ್ತಿದ್ದ. ಆ್ಯಪಲ್ ಅಂದರೆ ಮನ್ಸಾನಾ, ಟೇಬಲ್ ಅಂದರೆ ಮೇಸಾ, ನೈಫ್ ಅಂದರೆ ಕುಚೀಯೊ.

ನಾನು ಕೇಳಿದೆ, 'ಮಾರಾಯ, ನೀನು ಸೇಬನ್ನು ಮೊದಲು ಆ್ಯಪಲ್ ಮಾಡಿ, ಆಮೇಲೆ ಯಾಕೆ ಮನ್ಸಾನಾ ಮಾಡುವುದು?'

'ಆ್ಯಪ್‌ನಲ್ಲಿ ಹಾಗೇ ಇರುವುದು ಮಾವ' ಅಂದ.

ಇರುವುದು ಹೌದು. ಆ್ಯಪ್ ಮಾಡಿದವರು ಇಂಗ್ಲಿಷಿನವರಿಗೆಂದು ಮಾಡಿದ್ದು. ನಾವು ಅದೇ ದಾರಿ ಹಿಡಿದರೆ ಕುಂಬಳೆಯಿಂದ ಬದಿಯಡ್ಕಕ್ಕೆ ಮಂಗಳೂರು ಸುತ್ತಿ ಹೋದ ಹಾಗೆ. ನಾನು ಸರಕು ಹಡಗುಗಳಲ್ಲಿ ಚೀಫ್ ಕುಕ್ ಆಗಿದ್ದವನು. ಸ್ಪ್ಯಾನಿಷ್ ಕಲಿತದ್ದು ಪುಸ್ತಕದಿಂದ ಅಲ್ಲ, ಬಂದರಿನಲ್ಲಿ ಪ್ರೊವಿಷನ್ ಇಳಿಸಿಕೊಳ್ಳುವಾಗ, ಚೀಟಿ ಹಿಡಿದು ಒಂದೊಂದೇ ಪೆಟ್ಟಿಗೆ ಟಿಕ್ ಮಾಡುವಾಗ. ಕ್ರಿಯಾಪದದಲ್ಲಿ ನಾನು ಇವತ್ತಿಗೂ ಅಷ್ಟಕ್ಕಷ್ಟೇ. ಆದರೆ ನಾಮಪದ ಕೇಳಿ, ಹೇಳುತ್ತೇನೆ. ಈ ಬರಹ ಅವನಿಗಾಗಿ, ಅವನ ಹಾಗೆ ಹಡಗು ಹತ್ತಲು ಹೊರಟಿರುವ ನಮ್ಮೂರಿನ ಉಳಿದ ಮಕ್ಕಳಿಗಾಗಿ.

ಮೊದಲು ಉಚ್ಚಾರ. ಇಲ್ಲಿ ನಮಗೆ ಕೆಲಸವೇ ಇಲ್ಲ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ. ಬರೆದ ಹಾಗೆ ಓದುವುದು. ತ ಅಂದರೆ ನಮ್ಮ ತ, ದ ಅಂದರೆ ನಮ್ಮ ದ. ಇಂಗ್ಲಿಷಿನವರು ಟ, ಡ ಎಂದು ನಾಲಿಗೆ ಮಡಚಿ ಒದ್ದಾಡುತ್ತಾರೆ. ತಲೆಯ ಮೇಲೆ ಗೆರೆ ಇರುವ 'ಎನ್' ನೋಡಿ ಹೆದರಬೇಡಿ, ಅದು ಬಾಲಪಾಠದಲ್ಲಿ ನಾವು ಹೇಳಿ ಬಿಟ್ಟುಬಿಟ್ಟ ಞ. 'ಜೆ' ಬಂದರೆ ಗಂಟಲಿನಿಂದ ಹ ಅನ್ನಿ. 'ಎಚ್' ಬಂದರೆ ಏನೂ ಅನ್ನಬೇಡಿ. ಅಷ್ಟೇ. ಪದಗಳನ್ನು ಕನ್ನಡದಲ್ಲೇ ಬರೆದುಕೊಂಡರೆ ಇಂಗ್ಲಿಷ್ ಅಕ್ಷರಕ್ಕಿಂತ ಸರಿಯಾದ ಉಚ್ಚಾರ ಬರುತ್ತದೆ.

ತೊಂದರೆ ಇರುವುದು ಎಲ್ ಮತ್ತು ಲಾದಲ್ಲಿ. ಸ್ಪ್ಯಾನಿಷ್‌ನಲ್ಲಿ ಪ್ರತಿ ವಸ್ತುವಿಗೂ ಲಿಂಗ ಉಂಟು. ಗಂಡಾದರೆ ಮುಂದೆ ಎಲ್, ಹೆಣ್ಣಾದರೆ ಲಾ. ಕನ್ನಡದವರಿಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ನಮಗೆ ಗಂಡಸಾದರೆ ಅವನು, ಹೆಂಗಸಾದರೆ ಅವಳು, ಚಮಚ, ಕುರ್ಚಿ, ಬೆಕ್ಕು ಎಲ್ಲ ಅದು. ಮಲಯಾಳದಲ್ಲಿ ಇನ್ನೂ ಆರಾಮ. ಬಂದದ್ದಕ್ಕೆ ಅವನೂ 'ವನ್ನು', ಅವಳೂ 'ವನ್ನು', ಬಸ್ಸೂ 'ವನ್ನು'. ನಮ್ಮ ಪಕ್ಕದ ಹವ್ಯಕರ ಮನೆಯಲ್ಲಿ 'ಅಕ್ಕ ಬಂತು' ಅನ್ನುತ್ತಾರೆ, ಹೆಂಗಸರಿಗೂ ಅದೇ ಬಂತು, ಹೋತು. ಇಷ್ಟೆಲ್ಲ ಕೇಳಿಕೊಂಡು ಬೆಳೆದ ಕಾಸರಗೋಡಿನ ಹುಡುಗನಿಗೆ ಫೋರ್ಕ್ ಗಂಡು, ಚಮಚ ಹೆಣ್ಣು ಅಂದರೆ ನಗು ಬರುವುದು ಸಹಜ ಅಲ್ವಾ?

ಆದರೆ ನಗಬೇಡಿ, ಶಾಲೆಯಲ್ಲಿ ಹಿಂದಿ ಕಲಿತಿದ್ದೀರಿ. ದಾಲ್ ಹೆಣ್ಣು, ಚಾವಲ್ ಗಂಡು ಎಂದು ಉರು ಹೊಡೆದಿದ್ದೀರಿ. ಮನೆಯಲ್ಲಿ ಕೊಂಕಣಿ ಇರುವವರಿಗಂತೂ ಮೂರು ಲಿಂಗ ಹುಟ್ಟಿನಿಂದಲೇ ಅಭ್ಯಾಸ. ಇಂಗ್ಲಿಷ್ ಒಂದನ್ನೇ ನಂಬಿದವರಿಗಿಂತ ನಾವು ಮುಂದಿದ್ದೇವೆ.

ಸಾಮಾನ್ಯವಾಗಿ 'ಒ' ಕೊನೆಗೆ ಬಂದರೆ ಗಂಡು, 'ಆ' ಬಂದರೆ ಹೆಣ್ಣು. ಎಲ್ ಪ್ಲಾತೊ, ತಟ್ಟೆ. ಎಲ್ ಬಾಸೊ, ಲೋಟ. ಎಲ್ ಕುಚೀಯೊ, ಚೂರಿ. ಲಾ ಕುಚಾರಾ, ಚಮಚ. ಲಾ ತಾಸಾ, ಕಪ್. ಲಾ ಓಯಾ, ಪಾತ್ರೆ. ಲಾ ಕೊಸೀನಾ ಅಂದರೆ ಅಡುಗೆಮನೆಯೂ ಹೌದು, ಒಲೆಯೂ ಹೌದು. ಫೋರ್ಕಿಗೆ ಎಲ್ ತೆನೆದೋರ್. ಹಣ್ಣು ಹೆಣ್ಣಾದರೆ ಅದರ ಮರ ಬಹಳ ಸಲ ಗಂಡು. ಲಾ ಮನ್ಸಾನಾ ಸೇಬು, ಎಲ್ ಮನ್ಸಾನೊ ಸೇಬಿನ ಮರ. ಲಾ ನರಾಂಹಾ ಕಿತ್ತಳೆ, ಎಲ್ ನರಾಂಹೊ ಕಿತ್ತಳೆ ಮರ. ಇದು ನನಗೆ ಬಹಳ ಇಷ್ಟವಾದ ನಿಯಮ. ಆದರೆ ಅಂಜೂರಕ್ಕೆ ಬಂದಾಗ ಉಲ್ಟಾ. ಹಣ್ಣು ಎಲ್ ಈಗೊ, ಮರ ಲಾ ಈಗೇರಾ.

ಉಲ್ಟಾ ಇನ್ನೂ ಇವೆ. ಕೈ 'ಒ'ದಲ್ಲಿ ಮುಗಿದರೂ ಲಾ ಮಾನೊ. ಲ್ಯಾಟಿನ್‌ನಲ್ಲೇ ಅದು ಹೆಣ್ಣಾಗಿತ್ತು, ಹಾಗೇ ಉಳಿದಿದೆ. ದಿನ 'ಆ'ದಲ್ಲಿ ಮುಗಿದರೂ ಎಲ್ ದೀಆ. ಅದಕ್ಕೇ ಬ್ವೇನೊಸ್ ದೀಆಸ್ ಅನ್ನುವುದು. ಗ್ರೀಕಿನಿಂದ ಬಂದ 'ಮಾ' ಪದಗಳು ಗಂಡು: ಎಲ್ ಪ್ರೊಬ್ಲೇಮಾ, ಎಲ್ ಸಿಸ್ತೇಮಾ, ಎಲ್ ಕ್ಲೀಮಾ. ಫೊಟೊ ಮತ್ತು ಮೊಟೊ ಉದ್ದ ಹೆಸರನ್ನು ಕತ್ತರಿಸಿ ಮಾಡಿದ ಪದಗಳು. ಉದ್ದ ಹೆಸರು ಹೆಣ್ಣು, ಆದ್ದರಿಂದ ಲಾ ಫೋತೊ, ಲಾ ಮೋತೊ.

ನೀರಿನದ್ದು ಇನ್ನೊಂದು ಕತೆ. ಆಗ್ವಾ ಹೆಣ್ಣೇ. ಆದರೆ 'ಲಾ ಆಗ್ವಾ' ಅಂದರೆ ಎರಡು ಆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅದಕ್ಕೆ ಎಲ್ ಆಗ್ವಾ ಅನ್ನುತ್ತಾರೆ. ಹಾಗೆಂದು ಗಂಡಾಗಲಿಲ್ಲ. ತಣ್ಣೀರು ಅಂದರೆ ಎಲ್ ಆಗ್ವಾ ಫ್ರೀಆ, ವಿಶೇಷಣ ಹೆಣ್ಣಾಗಿಯೇ ಇದೆ. ಬಹುವಚನದಲ್ಲಿ ಡಿಕ್ಕಿ ಇಲ್ಲ, ಲಾಸ್ ಆಗ್ವಾಸ್. ಸಂಧಿ ಓದಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬಾಯಿಗೆ ಯಾವುದು ಹಿತವೋ ಅದು.

ಬಾಣಲೆಗೆ ಸರ್ತೇನ್. ಸ್ಪೇನಿನವನು ಲಾ ಸರ್ತೇನ್ ಅನ್ನುತ್ತಾನೆ, ಲ್ಯಾಟಿನ್ ಅಮೆರಿಕದಲ್ಲಿ ಬಹಳ ಕಡೆ ಎಲ್ ಸರ್ತೇನ್. ಎರಡೂ ಸರಿ. ಈ ವಿಷಯದಲ್ಲಿ ಅಡುಗೆಮನೆಯಲ್ಲಿ ಜಗಳ ಮಾಡುವುದನ್ನು ನೋಡಿದ್ದೇನೆ, ಒಳ್ಳೆ ಮಜಾ ಇರುತ್ತದೆ. ನೀವು ಸುಮ್ನೆ ಈರುಳ್ಳಿ ಹೆಚ್ಚುತ್ತಾ ಇರಿ.

ಲಿಂಗ ತಪ್ಪಿದರೆ ಏನಾಗುತ್ತದೆ? ಹೆಚ್ಚಿನ ಸಲ ಏನೂ ಇಲ್ಲ, ಅರ್ಥ ಆಗುತ್ತದೆ. ಕೆಲವು ಪದಗಳಲ್ಲಿ ಮಾತ್ರ ಅರ್ಥವೇ ಬದಲಾಗುತ್ತದೆ. ಎಲ್ ಕಾಪಿತಾಲ್ ಬಂಡವಾಳ, ಲಾ ಕಾಪಿತಾಲ್ ರಾಜಧಾನಿ. ಎಲ್ ಕೋರ್ತೆ ಮಾಂಸದ ತುಂಡು ಕತ್ತರಿಸುವ ಬಗೆ, ಲಾ ಕೋರ್ತೆ ಅರಮನೆಯ ದರ್ಬಾರು. ಎಲ್ ಕೂರಾ ಪಾದ್ರಿ, ಲಾ ಕೂರಾ ಚಿಕಿತ್ಸೆ. ಎಲ್ ಪಾಪಾ ಅಂದರೆ ಪೋಪ್, ಲಾ ಪಾಪಾ ಅಂದರೆ ಬಟಾಟೆ. ಒತ್ತು ಕೊನೆಯ ಅಕ್ಷರಕ್ಕೆ ಹೋದರೆ ಅಪ್ಪ. 2013ರಲ್ಲಿ ಪೋಪ್ ಆದ ಫ್ರಾನ್ಸಿಸ್ ಅವರು ಆರ್ಜೆಂಟೀನಾದವರು, ಬಟಾಟೆಯನ್ನು ಲಾ ಪಾಪಾ ಅನ್ನುವ ದೇಶದವರೇ.

ಈಗ ಇಂಗ್ಲಿಷನ್ನು ಯಾಕೆ ಬದಿಗಿಡಬೇಕು ಅನ್ನುವುದಕ್ಕೆ ಬರುತ್ತೇನೆ. ಹಡಗಿನಲ್ಲಿ ಮೊದಲು ಕೇಳುವ ಮಾತು ಕೈ ತೊಳೆಯುವುದು. ಇಂಗ್ಲಿಷಿನಲ್ಲಿ 'ನಿನ್ನ ಕೈ ತೊಳೆ' ಅನ್ನಬೇಕು. ಸ್ಪ್ಯಾನಿಷ್‌ನಲ್ಲಿ ಲಾಬಾತೆ ಲಾಸ್ ಮಾನೊಸ್. 'ನಿನ್ನ' ಇಲ್ಲ. ನಮ್ಮಲ್ಲೂ ಇಲ್ಲ. ಕೈ ತೊಳಿ ಅಂದರೆ ಪಕ್ಕದವನ ಕೈ ತೊಳೆಯಲು ಯಾರೂ ಹೋಗುವುದಿಲ್ಲ. ತಲೆನೋವಿಗೂ ಹಾಗೆ, ಮೆ ದ್ವೇಲೆ ಲಾ ಕಾಬೇಸಾ. ನನಗೆ ತಲೆ ನೋಯುತ್ತದೆ. ಪದಕ್ಕೆ ಪದ ಕೂತುಬಿಟ್ಟಿತು. ಮಾವು ಇಷ್ಟ ಅನ್ನಲು ಮೆ ಗೂಸ್ತಾ ಎಲ್ ಮಾಂಗೊ. ಇಂಗ್ಲಿಷಿನವರು ಈ 'ನನಗೆ'ಯನ್ನು ಅರ್ಥ ಮಾಡಿಕೊಳ್ಳಲು ಪಾಠಗಟ್ಟಲೆ ಓದುತ್ತಾರೆ. ನಾವು ಹುಟ್ಟಿದಾಗಿನಿಂದ ನನಗೆ ಇಷ್ಟ, ನನಗೆ ಬೇಕು, ನನಗೆ ನೋವು ಅನ್ನುತ್ತಲೇ ಬಂದವರು. ಹಸಿವು, ಬಾಯಾರಿಕೆ, ನಿದ್ದೆ, ಚಳಿ ಅವರಿಗೂ ನಾಮಪದಗಳೇ: ಆಂಬ್ರೆ, ಸೆದ್, ಸ್ವೇಞೊ, ಫ್ರೀಒ. ತೇಂಗೊ ಆಂಬ್ರೆ, ನನಗೆ ಹಸಿವುಂಟು. ಆ್ಯಪ್ ಇದನ್ನು ಇಂಗ್ಲಿಷಿಗೆ ತಿರುಗಿಸಿ 'ನಾನು ಹಸಿದವನಾಗಿದ್ದೇನೆ' ಎಂದು ಕಲಿಸಿ, ಮತ್ತೆ ಹಿಂದಕ್ಕೆ ತಿರುಗಿಸು ಅನ್ನುತ್ತದೆ. ಎಂಥ ರಗಳೆ!

ಒಂದು ಕಡೆ ಮಾತ್ರ ಕನ್ನಡ ಕಾಲಿಗೆ ತೊಡಕಾಗುತ್ತದೆ. ನಾವು ಹತ್ತು ಲೋಟ, ಐದು ತಟ್ಟೆ ಅನ್ನುತ್ತೇವೆ, 'ಗಳು' ಸೇರಿಸುವುದಿಲ್ಲ. ಅಲ್ಲಿ ಸೇರಿಸಲೇಬೇಕು. ದ್ಯೇಸ್ ಬಾಸೊಸ್. ಶುಭ್ರ ಲೋಟಗಳು ಅನ್ನಲು ಲೋಸ್ ಬಾಸೊಸ್ ಲಿಂಪ್ಯೊಸ್, ಮೂರಕ್ಕೂ ಸ್ ಬಾಲ.

ನಾಮಪದದ ಜೊತೆ ಎಲ್, ಲಾ ಮಾತ್ರ ಅಲ್ಲ, ಬಂದರಿನ ಹೆಸರನ್ನೂ ಬರೆದುಕೊಳ್ಳಿ. ಇದನ್ನು ಯಾವ ಆ್ಯಪ್ ಕೂಡ ಒತ್ತಿ ಹೇಳುವುದನ್ನು ನಾನು ನೋಡಿಲ್ಲ. ಸ್ಪ್ಯಾನಿಷ್ ಸುಮಾರು 20 ದೇಶಗಳ ಭಾಷೆ. ತರಕಾರಿಗೆ ಊರಿಗೊಂದು ಹೆಸರು. ಬಟಾಟೆ ಸ್ಪೇನಿನಲ್ಲಿ ಪತಾತಾ, ಅಮೆರಿಕ ಖಂಡದಲ್ಲಿ ಪಾಪಾ. ಹಸಿ ಬಟಾಣಿ ವಲೆನ್ಸಿಯಾದಲ್ಲಿ ಗಿಸಾಂತೆ, ಬ್ಯೂನಸ್ ಐರಿಸ್‌ನಲ್ಲಿ ಅರ್ಬೇಹಾ, ಮೆಕ್ಸಿಕೊದಲ್ಲಿ ಚೀಚಾರೊ. ಬೆಣ್ಣೆಹಣ್ಣು ಮೆಕ್ಸಿಕೊದಲ್ಲಿ ಆಗ್ವಾಕಾತೆ, ಪೆರು ಮತ್ತು ಚಿಲಿಯಲ್ಲಿ ಪಾಲ್ತಾ. ಮೆಣಸಿನಕಾಯಿ ಮೆಕ್ಸಿಕೊದಲ್ಲಿ ಚೀಲೆ, ಪೆರುವಿನಲ್ಲಿ ಆಹೀ. ತೋರ್ತಾ ಕೇಳಿದರೆ ಆರ್ಜೆಂಟೀನಾದಲ್ಲಿ ಕೇಕು ಬರುತ್ತದೆ, ಮೆಕ್ಸಿಕೊದಲ್ಲಿ ಬ್ರೆಡ್ಡಿನ ನಡುವೆ ಮಾಂಸ. ತೋರ್ತೀಯಾ ಸ್ಪೇನಿನಲ್ಲಿ ಮೊಟ್ಟೆ, ಬಟಾಟೆಯ ದಪ್ಪ ಆಮ್ಲೆಟ್. ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ರೊಟ್ಟಿ. ಕ್ಯೂಬಾದಲ್ಲಿ ಪಪಾಯಾ ಅಂತ ಜೋರಾಗಿ ಕೇಳಬೇಡಿ, ಅದು ಅಲ್ಲಿ ಕೆಟ್ಟ ಮಾತು. ಫ್ರೂತಾ ಬೋಂಬಾ ಅನ್ನಿ.

ಬಸ್ಸಿನದ್ದು ಕೇಳಿ. ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಲ್ಲಿ ಇಳಿದರೆ ಗ್ವಾಗ್ವಾ ಹತ್ತಿ ಪೇಟೆಗೆ ಹೋಗಬೇಕು. ಗ್ವಾಗ್ವಾ ಅಂದರೆ ಬಸ್ಸು. ಚಿಲಿಯ ವಾಲ್ಪರೈಸೊದಲ್ಲಿ ಗ್ವಾಗ್ವಾ ಅಂದರೆ ಎಳೆಮಗು. ಅಲ್ಲಿ ಗ್ವಾಗ್ವಾವನ್ನು ಹತ್ತುವುದಿಲ್ಲ, ಎತ್ತಿಕೊಳ್ಳುತ್ತಾರೆ.

ಇವೆಲ್ಲ ತಮಾಷೆ. ಮಾಂತೇಕಾ ತಮಾಷೆ ಅಲ್ಲ. ನಮ್ಮ ಹಡಗಿನಲ್ಲಿ ಒಬ್ಬರು ಗುಜರಾತಿನ ಚೀಫ್ ಎಂಜಿನಿಯರ್ ಇದ್ದರು. ಮೊಟ್ಟೆಯೂ ಮುಟ್ಟದವರು. ಮೆಕ್ಸಿಕೊದ ವೆರಾಕ್ರೂಸ್‌ನಲ್ಲಿ ಪ್ರೊವಿಷನ್ ಬಂತು. ಮರುದಿನ ಬೆಳಿಗ್ಗೆ ಪರೋಟ. ನನ್ನ ಸಹಾಯಕ ಬ್ಯೂನಸ್ ಐರಿಸ್‌ನವನು. ಅವನ ಊರಿನಲ್ಲಿ ಮಾಂತೇಕಾ ಅಂದರೆ ಬೆಣ್ಣೆ. ಹೊಸ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಮಾಂತೇಕಾ ಅಂತ ಇತ್ತು. ಬಿಚ್ಚಿ ಕಾವಲಿಯ ಪಕ್ಕ ಇಟ್ಟೇಬಿಟ್ಟಿದ್ದ. ಬಣ್ಣ ಸುಣ್ಣದ ಹಾಗೆ ಬೆಳ್ಳಗೆ, ಬೆಣ್ಣೆಯ ಹಳದಿ ಇಲ್ಲ, ವಾಸನೆಯೂ ಇಲ್ಲ. ನಾನು ಪೊಟ್ಟಣ ತಿರುಗಿಸಿದೆ. ಹಿಂದೆ ಸಣ್ಣಕ್ಷರದಲ್ಲಿ 'ದೆ ಸೇರ್ದೊ'. ಸೇರ್ದೊ ಅಂದರೆ ಹಂದಿ. ಮೆಕ್ಸಿಕೊದಲ್ಲಿ ಸುಮ್ನೆ ಮಾಂತೇಕಾ ಅಂದರೆ ಹಂದಿಯ ಕೊಬ್ಬು. ಬೆಣ್ಣೆ ಬೇಕಿದ್ದರೆ ಮಾಂತೆಕೀಯಾ ಅನ್ನಬೇಕು, ಸ್ಪೇನಿನಲ್ಲೂ ಹಾಗೆಯೇ. ಎಂಜಿನಿಯರ್‌ಗೆ ಆ ದಿನ ಎಣ್ಣೆ ಹಾಕಿದ ಪರೋಟ. ಅವರಿಗೆ ವಿಷಯ ಹೇಳಲಿಲ್ಲ. ಹೇಳಿದ್ದರೆ ವಾರವಿಡೀ ಹಣ್ಣು ತಿಂದುಕೊಂಡೇ ಇರುತ್ತಿದ್ದರು.

ಇಂಗ್ಲಿಷ್ ನಂಬಿ ಮೋಸ ಹೋಗುವ ಪದಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಸೋಪಾ ಅಂದರೆ ಸೂಪು, ಸಾಬೂನು ಅಲ್ಲ. ಸಾಬೂನಿಗೆ ಹಬೋನ್. ರೋಪಾ ಅಂದರೆ ಬಟ್ಟೆ, ಹಗ್ಗ ಅಲ್ಲ. ಡೆಕ್ಕಿನಲ್ಲಿ ಇದು ಮುಖ್ಯ. ಬಾಸೊ ಹೂದಾನಿ ಅಲ್ಲ, ಕಾರ್ಪೇತಾ ಕಾರ್ಪೆಟ್ ಅಲ್ಲ, ಫೈಲು. ಲಿಬ್ರೆರೀಆ ಪುಸ್ತಕದ ಅಂಗಡಿ. ಎಕ್ಸಿತೊ ಅಂದರೆ ಯಶಸ್ಸು, ಹೊರಹೋಗುವ ಬಾಗಿಲಿಗೆ ಸಲೀದಾ. ಬೆಂಕಿ ಬಿದ್ದಾಗ ಎಕ್ಸಿತೊ ಹುಡುಕಿಕೊಂಡು ಓಡಬೇಡಿ.

ಇನ್ನು ನಮ್ಮ ಕರಾವಳಿಯ ಸಾಮಾನು. ಈ ಭಾಗ ನನಗೆ ಎಷ್ಟು ಹೇಳಿದರೂ ಸಾಲದು. ಪೋರ್ಚುಗೀಸರು ಇಲ್ಲಿಂದ ಹೆಸರುಗಳನ್ನು ಮೂಟೆ ಕಟ್ಟಿ ಒಯ್ದರು, ಅಲ್ಲಿಂದ ಅವು ಸ್ಪ್ಯಾನಿಷಿಗೂ ಹೋದವು. ಮಾಂಗೊ ನಮ್ಮ ಕಡೆಯ ಮಾಂಗ, ಮಾಂಗಾಯಿ. (ಚೂರಿಯ ಹಿಡಿಗೂ ಎಲ್ ಮಾಂಗೊ ಅನ್ನುತ್ತಾರೆ. ಅದು ಲ್ಯಾಟಿನ್ ಮೂಲದ ಬೇರೆ ಪದ, ಸಂಬಂಧ ಇಲ್ಲ.) ಕೋಪ್ರಾ ನಮ್ಮ ಕೊಬ್ಬರಿ, ಮಲಯಾಳದ ಕೊಪ್ಪರ. ತೇಕಾ ಅಂದರೆ ತೇಗ. ಹಲಸಿನ ಚಕ್ಕ ಅಲ್ಲಿ ಹಾಕಾ ಆಗಿದೆ, ಮೆಕ್ಸಿಕೊದಲ್ಲಿ ಯಾಕಾ. ಅಲ್ಲಿನ ನಯಾರಿತ್ ರಾಜ್ಯದಲ್ಲಿ ಹಲಸು ಬೆಳೆಯುತ್ತಾರೆ. ಮಾರುವವನು 'ಯಾಕಾ, ಯಾಕಾ' ಎಂದು ಕೂಗಿದರೆ ಕನ್ನಡದವನಿಗೆ ಉತ್ತರ ಹೇಳಬೇಕು ಅನ್ನಿಸುತ್ತದೆ. ಸ್ಪೇನಿನಲ್ಲಿ ಹಾಕಾ ಅಂದರೆ ಸಣ್ಣ ಕುದುರೆ ಎಂಬ ಅರ್ಥವೂ ಇದೆ, ಆ ಹೆಸರಿನ ಒಂದು ಊರೂ ಇದೆ.

ಅಡಿಕೆ ಅರೇಕಾ ಆಯಿತು. ಆದರೆ ಸ್ಪೇನಿನ ನರ್ಸರಿಯಲ್ಲಿ ಅರೇಕಾ ಕೇಳಿದರೆ ಮನೆಯೊಳಗೆ ಕುಂಡದಲ್ಲಿಡುವ ಚಂದದ ಗಿಡ ಕೊಡುತ್ತಾರೆ. ಅದು ಮಡಗಾಸ್ಕರ್ ಮೂಲದ ಬೇರೆ ಜಾತಿ. ಜಗಿಯಲು ಬರುವುದಿಲ್ಲ.

ತೆಂಗಿನಕಾಯಿಗೆ ಎಲ್ ಕೋಕೊ. ಮೂರು ಕಣ್ಣಿನ ಕಾಯಿ ನೋಡಿ ಪೋರ್ಚುಗೀಸ್ ನಾವಿಕರಿಗೆ ಮಕ್ಕಳನ್ನು ಹೆದರಿಸುವ ಗುಮ್ಮ ನೆನಪಾಯಿತಂತೆ. ಅವರಲ್ಲಿ ಗುಮ್ಮನ ಹೆಸರು ಕೋಕೊ. ಸ್ಪೇನಿನಲ್ಲಿ ಈಗಲೂ ನಿದ್ದೆ ಮಾಡದ ಮಗುವಿಗೆ ಎಲ್ ಕೋಕೊ ಬರುತ್ತಾನೆ ಅನ್ನುತ್ತಾರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ ಇರುವ ಊರಿನವರು ನಾವು. ಇಷ್ಟು ಗುಮ್ಮಗಳ ನಡುವೆ ಬೆಳೆದು ಯಾರೂ ಹೆದರಿದ್ದು ನೋಡಲಿಲ್ಲ.

ಗೇರುಬೀಜ ಉಲ್ಟಾ ದಾರಿಯಲ್ಲಿ ಬಂದದ್ದು. ಬ್ರೆಜಿಲ್‌ನಿಂದ ಪೋರ್ಚುಗೀಸರು ಇಲ್ಲಿಗೆ ತಂದರು. ಈಗ ಸ್ಪೇನಿನಲ್ಲಿ ಅದಕ್ಕೆ ಅನಕಾರ್ದೊ, ಹೊಂಡುರಾಸ್ ಕಡೆ ಮರಾಞೋನ್. ಮೆಕ್ಸಿಕೊದವರು ಏನನ್ನುತ್ತಾರೆ ಗೊತ್ತೇ? ನ್ವೇಸ್ ದೆ ಲಾ ಇಂದ್ಯಾ. ಇಂಡಿಯಾದ ಬೀಜ! ಅಮೆರಿಕ ಖಂಡದ ಮರಕ್ಕೆ ಅಮೆರಿಕ ಖಂಡದವರೇ ನಮ್ಮ ಹೆಸರು ಇಟ್ಟಿದ್ದಾರೆ. ನಾನೂ ಬೇಡ ಅನ್ನಲಿಲ್ಲ.

ಅಂಗಡಿಯಲ್ಲಿ 'ನಾರಂಗ' ಅಂದರೆ ನಮ್ಮ ಕಡೆ ಮಲಯಾಳದವರು ಲಿಂಬೆ ಕೊಡುತ್ತಾರೆ. ನರಾಂಹಾ ಅಂದರೆ ಕಿತ್ತಳೆ. ಎರಡೂ ಒಂದೇ ಮೂಲದ ಪದಗಳು. ಸ್ಪ್ಯಾನಿಷಿಗೆ ಅದು ಹೋದದ್ದು ಅರಬ್ಬಿಯ ಮೂಲಕ. ಗಲ್ಫಿನಲ್ಲಿ ದುಡಿದು ಬಂದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಅವರಿಗೆ ಇನ್ನೂ ಕೆಲವು ಪದ ಪುಕ್ಕಟೆ. ಸುಕ್ಕರ್ ಅಲ್ಲಿ ಅಸೂಕಾರ್. ಝೈತ್ ಅಲ್ಲಿ ಅಸೇಯ್ತೆ, ಎಣ್ಣೆ. ಮನೆಯಲ್ಲಿ ಹಳಬರು ಹೇಳುವ ಚಾವಿ ಯಾವೆ, ಅಲಮಾರು ಅರ್ಮಾರ್ಯೊ, ಬಾಲ್ದಿ ಬಾಲ್ದೆ. ಇವು ಪೋರ್ಚುಗೀಸರು ಇಲ್ಲಿ ಬಿಟ್ಟುಹೋದವು.

ಮೀನಿಗೆ ಎರಡು ಹೆಸರು. ನೀರಿನಲ್ಲಿ ಈಜುವಾಗ ಪೆಸ್, ಹಿಡಿದ ಮೇಲೆ ಪೆಸ್ಕಾದೊ. ಬಂಗುಡೆ ಬಲೆಗೆ ಬಿದ್ದ ಗಳಿಗೆಯಲ್ಲಿ ವ್ಯಾಕರಣ ಬದಲಾಗುತ್ತದೆ. ಅಡುಗೆಮನೆಗೆ ಬರುವುದೆಲ್ಲ ಪೆಸ್ಕಾದೊ. ಸಮುದ್ರಕ್ಕೆ ಎಲ್ ಮಾರ್ ಎಂದು ಪುಸ್ತಕದಲ್ಲಿದೆ. ಆದರೆ ಕಡಲಲ್ಲಿ ದುಡಿಯುವವರು ಲಾ ಮಾರ್ ಅನ್ನುತ್ತಾರೆ. ನಡುಗಡಲು ಅನ್ನಲು ಎಲ್ಲರೂ ಆಲ್ತಾ ಮಾರ್ ಎಂದು ಹೆಣ್ಣಾಗಿಯೇ ಹೇಳುತ್ತಾರೆ.

ಸಂಶಯ ಬಂದರೆ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ನಿಘಂಟು ನೋಡಿ. 1713ರಲ್ಲಿ ಹುಟ್ಟಿದ ಸಂಸ್ಥೆ, ನಿಘಂಟು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪದದ ಪಕ್ಕದಲ್ಲಿ ಗಂಡೋ ಹೆಣ್ಣೋ ಎಂದು ಒಂದಕ್ಷರದಲ್ಲಿ ಇರುತ್ತದೆ, ಯಾವ ದೇಶದ ಬಳಕೆ ಎಂದೂ ಚುಟುಕಾಗಿ ಇರುತ್ತದೆ. ನನಗೆ ಬೇಕಾದ್ದು ಇವೆರಡೇ.

ಕೊನೆಗೆ ನಂಟರ ವಿಷಯ, ಯಾಕೆಂದರೆ ಹಡಗಿನಲ್ಲಿ ಬಿಡುವಿನ ವೇಳೆ ಎಲ್ಲರೂ ಕೇಳುವುದು ಇದನ್ನೇ. ಪಾದ್ರೆಸ್ ಅಂದರೆ ಪಾದ್ರಿಗಳೂ ಆಗಬಹುದು, ಆದರೆ ಮನೆ ಮಾತಿನಲ್ಲಿ ಅಪ್ಪ ಅಮ್ಮ ಇಬ್ಬರೂ. ಎರ್ಮಾನೊಸ್ ಎಷ್ಟು ಅಂದರೆ ಅಕ್ಕ ತಂಗಿಯರನ್ನೂ ಸೇರಿಸಿ ಎಣಿಸಬೇಕು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಒಂದೇ ತೀಒ. ಸ್ಪೇನಿನ ಹುಡುಗರು ಗೆಳೆಯನನ್ನೂ ತೀಒ ಅನ್ನುತ್ತಾರೆ, ನಮ್ಮ ಮಾರಾಯನ ಹಾಗೆ. ಹೆಂಡತಿಯ ಅಪ್ಪ ಮಾತ್ರ ತೀಒ ಅಲ್ಲ, ಸ್ವೇಗ್ರೊ. ನಮ್ಮ ಕಡೆ ಸೋದರಮಾವನ ಮಗಳನ್ನೇ ಮದುವೆಯಾಗಿ ಎರಡೂ ಮಾವ ಒಬ್ಬರೇ ಆಗಿರುವುದುಂಟು. ಅಂಥವರು ಸ್ವೇಗ್ರೊ ಅಂದು ಸುಮ್ಮನಾಗಿ. ಪೂರ್ತಿ ವಿವರಿಸಲು ಹೋದರೆ ಅಷ್ಟರಲ್ಲಿ ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತದೆ.